ಸೆಂಟ್‌ಓಎಸ್ 7ರಲ್ಲಿ ಉಳಿದುಹೋದ ‘ಕಡಿಮೆ ಅಪಾಯದ, ಸ್ಥಳೀಯ’ ಲೋಪಗಳು: ಒಪ್ಪಿಕೊಂಡು ಸಹಿ ಹಾಕಬಹುದೇ?

ಪೀಣ್ಯ_ಎರಡನೇ_ಹಂತ · ಗುರುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ನಾನು ಮತ್ತು ನನ್ನ ಸಹಾಯಕ, ಇಬ್ಬರೇ. ದಾಸ್ತಾನು, ಬಿಲ್ಲು, ಪಾಳಿಯ ಹಾಜರಿ, ಲೇಬಲ್ ಮುದ್ರಣ ಇವೆಲ್ಲವೂ 2016ರಲ್ಲಿ ಹಾಕಿದ, ಸೆಂಟ್‌ಓಎಸ್ 7 (ಲಿನಕ್ಸ್‌ನ ಒಂದು ಉಚಿತ ಆವೃತ್ತಿ) ಇರುವ ಒಂದೇ ಸರ್ವರ್ ಮೇಲೆ ನಡೆಯುತ್ತಿವೆ. ಆಯುಧಪೂಜೆಯ ದಿನ ಲೇತ್‌ಗಳ ಜೊತೆಗೆ ಅದಕ್ಕೂ ಪೂಜೆಯಾಗುತ್ತದೆ. ಮುಂಭಾಗದ ಜಾಲರಿಯ ಸಂದಿಯಲ್ಲಿ ಹೋದ ಸಲದ ಅರಿಶಿನ ಇನ್ನೂ ಹಾಗೆಯೇ ಇದೆ.

ನಮ್ಮಿಂದ ಮಾಲು ಕೊಳ್ಳುವ ವಿದೇಶಿ ಗ್ರಾಹಕರು ಈ ಬಾರಿ ಭದ್ರತಾ ತಪಾಸಣೆ ಆಗಲೇಬೇಕೆಂದು ಪಟ್ಟು ಹಿಡಿದರು. ತಪಾಸಣೆಗೆ ಬಂದವರಿಗೆ ಲಾಗಿನ್ ಕೊಟ್ಟೆವು, ಅವರು ಸ್ಕ್ಯಾನ್ ಮಾಡಿ ವರದಿ ಕೊಟ್ಟರು. ಮೇಲಿನ ಕೆಲವು ಸಾಲುಗಳು ‘ಹೆಚ್ಚಿನ ಅಪಾಯ’ ಎಂದಿವೆ. ಅವುಗಳಿಗೆ ಪ್ಯಾಚ್ (ಲೋಪ ಸರಿಪಡಿಸುವ ತುಣುಕು) ಬಂದಾಗಿದೆ, ನಾವು 2021ರಿಂದ ಈಚೆಗೆ ಹಾಕಿಲ್ಲ, ತಪ್ಪು ನಮ್ಮದೇ. ನನ್ನ ಪ್ರಶ್ನೆ ಉಳಿದ ಮೂರು ಪುಟಗಳ ಬಗ್ಗೆ. ಅಲ್ಲಿರುವ ಪ್ರತಿಯೊಂದು ಸಾಲಿನಲ್ಲೂ ‘ಕಡಿಮೆ ಅಪಾಯ’, ‘ಸ್ಥಳೀಯ’, ‘ಪರಿಹಾರ ಲಭ್ಯವಿಲ್ಲ’ ಎಂದೇ ಬರೆದಿದೆ. ಕೊನೆಯ ಅಂಕಣದಲ್ಲಿ ‘ಅಪಾಯವನ್ನು ಒಪ್ಪಿಕೊಂಡಿದ್ದೇವೆ’ ಎಂದು ಬರೆದು ಸಹಿ ಹಾಕುವ ಅವಕಾಶವಿದೆ, ಮಾಲೀಕರು ಅದಕ್ಕೆ ಆತುರಪಡುತ್ತಿದ್ದಾರೆ. ಪರಿಹಾರವೇ ಇಲ್ಲದ, ಕಡಿಮೆ ಅಪಾಯದ ಲೋಪಗಳನ್ನು ಹೀಗೆ ಒಟ್ಟಿಗೆ ಒಪ್ಪಿಕೊಂಡುಬಿಡುವುದು ಸರಿಯೇ?

ಇನ್ನೊಂದು ತೊಡಕಿದೆ. ಪ್ಯಾಚ್‌ಗಳನ್ನು ಇಳಿಸಿಕೊಳ್ಳುವ ಯಮ್ ಅಪ್‌ಡೇಟ್ ಆದೇಶ ಕೊಟ್ಟರೆ, ಅವು ಎಲ್ಲಿ ಸಿಗುತ್ತವೆ ಎಂದು ಹೇಳುವ ಮಿರರ್‌ಲಿಸ್ಟ್ ಸರ್ವರ್‌ನ ಹೆಸರೇ ಪತ್ತೆಯಾಗುತ್ತಿಲ್ಲ ಎಂಬ ದೋಷ ಬಂದು ನಿಂತುಹೋಗುತ್ತದೆ. ಇಂಟರ್‌ನೆಟ್ ಸಂಪರ್ಕ ಸರಿಯಾಗಿಯೇ ಇದೆ.

ಹಳೇ_ಯುನಿಕ್ಸ್_ಮಲ್ಲೇಶ್ವರ · ಗುರುವಾರ ರಾತ್ರಿ 11:05

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸುಲಭ. ಸೆಂಟ್‌ಓಎಸ್ 7ರ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು, ಅದರ ಬೆನ್ನಿಗೇ ಮಿರರ್‌ಲಿಸ್ಟ್ ಸೇವೆಯನ್ನೂ ನಿಲ್ಲಿಸಿದರು. ಪ್ಯಾಕೇಜುಗಳು ಅಳಿದುಹೋಗಿಲ್ಲ, ವಾಲ್ಟ್ ಎಂಬ ಉಗ್ರಾಣಕ್ಕೆ ಸೇರಿವೆ. ಯಮ್‌ಗೆ ಉಗ್ರಾಣದ ವಿಳಾಸ ಹೇಳುವ ರೆಪೊ ಕಡತಗಳಲ್ಲಿ ಮಿರರ್‌ಲಿಸ್ಟ್ ಸಾಲನ್ನು ನಿಷ್ಕ್ರಿಯಗೊಳಿಸಿ, ಬೇಸ್‌ಯುಆರ್‌ಎಲ್ ಸಾಲಿನಲ್ಲಿ ವಾಲ್ಟ್‌ನ ವಿಳಾಸವನ್ನು 7.9.2009 ಆವೃತ್ತಿಗೆ ಕೊಟ್ಟರೆ ಆ ಜೂನ್ ಕೊನೆಯವರೆಗೆ ಬಂದ ಎಲ್ಲ ಪ್ಯಾಚ್‌ಗಳೂ ಸಿಗುತ್ತವೆ. ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ, ಆಮೇಲೆ ಈ ಕೆಲಸ ಮಾಡಿ.

2021ರಿಂದ ಪ್ಯಾಚ್ ಹಾಕಿಲ್ಲ ಎಂದ ಮೇಲೆ ಪಿಕೆಎಕ್ಸೆಕ್ ಎಂಬ ಪ್ರೋಗ್ರಾಮಿನ ಲೋಪ ನಿಮ್ಮಲ್ಲಿ ಇದ್ದೇ ಇದೆ, ಅದರಿಂದ ಮಾಮೂಲಿ ಖಾತೆಯವನೂ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಬಹುದು. ಲೋಪಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2021-4034 ಎಂಬ ಸಂಖ್ಯೆಯ ಆ ಲೋಪವನ್ನು ಭದ್ರತಾ ಸಂಸ್ಥೆ ಕ್ವಾಲಿಸ್‌ನವರು 2022ರ ಜನವರಿಯಲ್ಲಿ ಬಯಲು ಮಾಡಿದರು, ಆದರೆ ಅದು 2009ರಿಂದಲೇ ಆ ಪ್ರೋಗ್ರಾಮಿನೊಳಗೆ ಕುಳಿತಿತ್ತು. ಪ್ಯಾಚ್ ಹಾಕಲು ಭಾನುವಾರದವರೆಗೆ ಕಾಯಬೇಕಾದರೆ, ಈ ರಾತ್ರಿಯೇ ಸಿಎಚ್‌ಮಾಡ್ 0755 ಕೊಟ್ಟು ಪಿಕೆಎಕ್ಸೆಕ್‌ನ ಸೆಟ್‌ಯುಐಡಿ ಗುರುತನ್ನು (ಯಾರು ಓಡಿಸಿದರೂ ಪ್ರೋಗ್ರಾಮಿಗೆ ಅದರ ಒಡೆಯನ ಅಧಿಕಾರ ಕೊಡುವ ಗುರುತು) ತೆಗೆದುಬಿಡಿ.

ಇನ್ನು ಮುಖ್ಯ ವಿಷಯ. ನಿಮ್ಮ ಮೂರು ಪುಟ ಏಕೆ ತುಂಬಿತು ಎಂಬುದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಸೆಂಟ್‌ಓಎಸ್ 7 ಹಣ ಕೊಟ್ಟು ಪಡೆಯುವ ರೆಡ್‌ಹ್ಯಾಟ್ ಲಿನಕ್ಸ್‌ನ 7ನೇ ಆವೃತ್ತಿಯ ಪಡಿಯಚ್ಚು. ರೆಡ್‌ಹ್ಯಾಟ್ ತನ್ನ ಆವೃತ್ತಿಗಳಿಗೆ ಹಂತ ಹಂತವಾಗಿ ಬೆಂಬಲವನ್ನು ಇಳಿಸುತ್ತಾ ಬರುತ್ತದೆ, 2020ರ ಆಗಸ್ಟ್‌ನಲ್ಲಿ 7ನೇ ಆವೃತ್ತಿ ಅಂತಿಮ ನಿರ್ವಹಣಾ ಹಂತ ಸೇರಿತು. ಅಲ್ಲಿಂದ ಮುಂದೆ ಅತಿ ಗಂಭೀರ ಲೋಪಗಳಿಗೂ ಆಯ್ದ ಕೆಲವು ಮುಖ್ಯ ಲೋಪಗಳಿಗೂ ಮಾತ್ರ ಪ್ಯಾಚ್ ಬಂತು, ‘ಕಡಿಮೆ’ ಮತ್ತು ‘ಮಧ್ಯಮ’ ದರ್ಜೆಯವು ದಾಖಲಾದವು, ದುರಸ್ತಿಯಾಗಲಿಲ್ಲ. ಕೆರೆಯ ಹೂಳಿನಂತೆ ವರ್ಷ ವರ್ಷ ಒಂದೊಂದು ಪದರ ಕೂಡಿಕೊಳ್ಳುತ್ತದೆ. ಆದ್ದರಿಂದ ‘ಪರಿಹಾರ ಲಭ್ಯವಿಲ್ಲ’ ಎಂಬುದನ್ನು ‘ದುರಸ್ತಿ ಸಾಧ್ಯವೇ ಇಲ್ಲ’ ಎಂದು ಓದಬೇಡಿ. ಆ ಆವೃತ್ತಿಗೆ ದುರಸ್ತಿ ಮಾಡುವವರು ಕೈಬಿಟ್ಟಿದ್ದಾರೆ ಎಂದಷ್ಟೇ ಅದರ ಅರ್ಥ.

‘ಕಡಿಮೆ’ ಮತ್ತು ‘ಸ್ಥಳೀಯ’ ಎಂಬ ಎರಡು ಪದಗಳನ್ನು ದಯವಿಟ್ಟು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ. ಲೋಪದ ತೀವ್ರತೆಗೆ ಹತ್ತರೊಳಗೆ ಕೊಡುವ ಸಿವಿಎಸ್‌ಎಸ್ ಅಂಕ 0.1ರಿಂದ 3.9ರವರೆಗೆ ಇದ್ದರೆ ಅದು ಕಡಿಮೆ. ಸ್ಥಳೀಯ ಎಂಬುದು ದಾಳಿಯ ದಾರಿಯ ಹೆಸರು. ಮೇಲೆ ಹೇಳಿದ ಪಿಕೆಎಕ್ಸೆಕ್ ಲೋಪವೂ ಸ್ಥಳೀಯವೇ, ಅದರ ಅಂಕ 7.8. 2021ರ ಜನವರಿಯಲ್ಲಿ ಸುಡೋದಲ್ಲಿ (ರೂಟ್ ಅಧಿಕಾರ ಎರವಲು ಕೊಡುವ ಪ್ರೋಗ್ರಾಮ್) ಕಂಡ ಲೋಪವೂ ಸ್ಥಳೀಯವೇ, ಅದಕ್ಕೂ 7.8. ‘ಸ್ಥಳೀಯ’ ಎಂದ ಕೂಡಲೇ ಸರ್ವರ್ ಕೋಣೆಯ ಬೀಗ ಒಡೆದು ಕೀಬೋರ್ಡ್ ಮುಂದೆ ಕುಳಿತವನನ್ನು ಕಲ್ಪಿಸಿಕೊಳ್ಳುವವರೇ ಹೆಚ್ಚು. ಆ ಯಂತ್ರದಲ್ಲಿ ಯಾವುದೇ ಖಾತೆಯ ಹೆಸರಿನಲ್ಲಿ ಒಂದು ಪ್ರೋಗ್ರಾಮ್ ಓಡಿಸಬಲ್ಲವರೆಲ್ಲರೂ ಸ್ಥಳೀಯರೇ. ವೆಬ್ ಸರ್ವರ್‌ನ ಖಾತೆಯೂ ಸ್ಥಳೀಯನೇ, ಬೇರೆ ಊರಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಬರುವ ನಿಮ್ಮ ತಂತ್ರಾಂಶದವನೂ ಸ್ಥಳೀಯನೇ.

ಆದ್ದರಿಂದ ಸಹಿಗೆ ಮುಂಚೆ ಒಂದು ಪಟ್ಟಿ ಬೇಕು: ನಿಮ್ಮ ಯಂತ್ರದಲ್ಲಿ ಸ್ಥಳೀಯರು ಯಾರು ಯಾರು?

ಸುಮ್ಮನಿರಿ_ಓಡ್ತಿದೆ · ಶುಕ್ರವಾರ ಬೆಳಿಗ್ಗೆ 8:20

ಹಿರಿಯರ ಮಾತಿಗೆ ಗೌರವವಿದೆ, ಆದರೂ ಇದನ್ನು ಅಗತ್ಯಕ್ಕಿಂತ ದೊಡ್ಡದು ಮಾಡುತ್ತಿದ್ದೇವೆ ಎಂದು ನನಗನ್ನಿಸುತ್ತದೆ. ಇಂಥ ಕಾರ್ಖಾನೆಗಳಲ್ಲಿ ಹದಿನೈದು ವರ್ಷ ಸರ್ವರ್ ನೋಡಿಕೊಂಡವನು ನಾನು. ಸಾಮಾನ್ಯವಾಗಿ ಅಲ್ಲಿ ಶೆಲ್ (ಆದೇಶ ಟೈಪ್ ಮಾಡುವ ಪರದೆ) ಇರುವವರು ಮೂರೋ ನಾಲ್ಕೋ ಜನ, ಅವರೆಲ್ಲರಿಗೂ ಸುಡೋ ಮೂಲಕ ರೂಟ್ ಅಧಿಕಾರ ಮೊದಲೇ ಇರುತ್ತದೆ. ಬೀಗದ ಕೈ ಸೊಂಟದಲ್ಲೇ ಇರುವವನು ಕನ್ನ ಕೊರೆದಾನು ಎಂದು ಹೆದರುವುದರಲ್ಲಿ ಅರ್ಥವಿಲ್ಲ.

ಹಳೆಯದೆಂಬ ಒಂದೇ ಕಾರಣಕ್ಕೆ ಬೈಯುವುದೂ ಸರಿಯಲ್ಲ. 2022ರಲ್ಲಿ ಎಲ್ಲರ ನಿದ್ದೆ ಕೆಡಿಸಿದ ಡರ್ಟಿ ಪೈಪ್ ಲೋಪ ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.8ರಿಂದ ಈಚಿನದಕ್ಕೆ ಮಾತ್ರ ತಗುಲಿದ್ದು, ಸೆಂಟ್‌ಓಎಸ್ 7ರದ್ದು 3.10. 2023ರ ಲೂನಿ ಟ್ಯೂನಬಲ್ಸ್ ಲೋಪ ಹುಟ್ಟಿದ್ದು ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ 2.34ರಲ್ಲಿ, ನಮ್ಮದು 2.17. ಇನ್ನೂ ಸ್ವಾರಸ್ಯವೆಂದರೆ, ಸೆಂಟ್‌ಓಎಸ್ 7ಕ್ಕೆ ಎಲ್ಲರೂ ತಿಲಾಂಜಲಿ ಬಿಟ್ಟ ಮರುದಿನವೇ, 2024ರ ಜುಲೈ 1ರಂದು, ಓಪನ್‌ಎಸ್‌ಎಸ್‌ಎಚ್‌ನ ರೆಗ್ರೆಶನ್ ಲೋಪ ಹೊರಬಿತ್ತು. ಅದು ತಗುಲಿದ್ದು 8.5ರಿಂದ 9.7ರವರೆಗಿನ ಆವೃತ್ತಿಗಳಿಗೆ, ಸೆಂಟ್‌ಓಎಸ್ 7ರ 7.4 ಪಾರಾಯಿತು. ಹೊಸದಕ್ಕೆ ಹಾರಿದವರೇ ಆ ವಾರ ರಾತ್ರಿಯಿಡೀ ಪ್ಯಾಚ್ ಹಾಕುತ್ತಾ ಕುಳಿತರು.

ಪ್ಯಾಚ್‌ಗಳನ್ನು ಹಾಕಿ, ಅದು ಸರಿ. ಉಳಿದ ಮೂರು ಪುಟಕ್ಕೆ ಸಹಿ ಹಾಕಿ ಮುಂದಿನ ಕೆಲಸ ನೋಡಿ. ಓಡುತ್ತಿರುವ ಲೆಕ್ಕದ ತಂತ್ರಾಂಶವನ್ನು ಕೆದಕಿ ತಿಂಗಳ ಕೊನೆಯ ಬಿಲ್ಲು ನಿಂತರೆ ಮಾಲೀಕರು ಕರೆಯುವುದು ನಿಮ್ಮನ್ನೇ.

ಹಳೇ_ಯುನಿಕ್ಸ್_ಮಲ್ಲೇಶ್ವರ · ಶುಕ್ರವಾರ ಬೆಳಿಗ್ಗೆ 9:15

ನೀವು ಹೇಳಿದ ಮೂರೂ ಉದಾಹರಣೆಗಳು ನಿಜ. ಅವು ಅದೃಷ್ಟದ ಉದಾಹರಣೆಗಳು ಎಂಬುದೂ ನಿಜ. ಡರ್ಟಿ ಕೌ ಲೋಪ 2007ರ ಕರ್ನಲ್ 2.6.22ರಿಂದ 2016ರವರೆಗೆ ಕಣ್ಣಿಗೆ ಬೀಳದೆ ಇತ್ತು, ಸುಡೋದ ಲೋಪ 2011ರಿಂದ 2021ರವರೆಗೆ ಇತ್ತು. ಹಳೆಯ ಕೋಡಿನಲ್ಲಿ ಹೊಸ ಲೋಪ ಹುಟ್ಟದಿರಬಹುದು, ಇದ್ದದ್ದು ತಡವಾಗಿ ಕಾಣುತ್ತದೆ. ಕಂಡಾಗ ಪ್ಯಾಚ್ ಕೊಡುವವರು ಈಗ ಇಲ್ಲ.

ಶೆಲ್ ಇರುವವರೆಲ್ಲ ರೂಟ್ ಆಗಿದ್ದರೆ ನಿಮ್ಮ ವಾದವನ್ನು ಒಪ್ಪುತ್ತೇನೆ. ಆದರೆ ಪೀಣ್ಯದವರು ಇನ್ನೂ ಪಟ್ಟಿಯನ್ನೇ ಕೊಟ್ಟಿಲ್ಲ.

ಲ್ಯಾಬ್_ಮೇಡಂ · ಶುಕ್ರವಾರ ಮಧ್ಯಾಹ್ನ 1:30

ನಾನು ನಗರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಸ್ಥಳೀಯರೆಂದರೆ ಒಂದು ತಂಡಕ್ಕೆ ಅರುವತ್ತು ಹುಡುಗ ಹುಡುಗಿಯರು, ಅವರಿಗೆ ಬೇಕಾದಷ್ಟು ಸಮಯವೂ ಕುತೂಹಲವೂ ಇದೆ. ಆದ್ದರಿಂದ ‘ಕಡಿಮೆ ಅಪಾಯ’ ಎಂಬ ಪದ ನನಗೆ ಬೇರೆಯೇ ಆಗಿ ಕೇಳಿಸುತ್ತದೆ.

ಒಂದು ಘಟನೆ ಹೇಳುತ್ತೇನೆ. ಲಿನಕ್ಸ್‌ನಲ್ಲಿ ಪಿಎಸ್ ಆದೇಶ ಕೊಟ್ಟರೆ ಇತರರ ಪ್ರೋಗ್ರಾಮುಗಳೂ ಅವುಗಳಿಗೆ ಕೊಟ್ಟ ಪೂರ್ತಿ ಆದೇಶದ ಸಾಲೂ ಕಾಣುತ್ತವೆ. ಇದು ಯಾವ ವರದಿಯಲ್ಲಾದರೂ ಬಂದರೆ ‘ಮಾಹಿತಿ ಸೋರಿಕೆ, ಕಡಿಮೆ’ ಎಂದೇ ಬರುತ್ತದೆ. ನಮ್ಮ ಅಂಕಪಟ್ಟಿಯ ಡೇಟಾಬೇಸಿಗೆ ಪ್ರತಿ ಮಧ್ಯಾಹ್ನ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಸೇವೆ) ಮೂಲಕ ಬ್ಯಾಕಪ್ ಆಗುತ್ತಿತ್ತು. ಕ್ರಾನ್‌ಟ್ಯಾಬ್ ಸಾಲಿನಲ್ಲೇ ಮೈಎಸ್‌ಕ್ಯೂಎಲ್ ಡಂಪ್ ಆದೇಶವನ್ನು ಪಾಸ್‌ವರ್ಡ್ ಸಮೇತ ಬರೆದು, ಅದರ ಫಲವನ್ನು ಪೈಪ್ ಹಾಕಿ, ಕಡತ ಕುಗ್ಗಿಸುವ ಜಿಜಿಪ್‌ಗೆ ಕಳಿಸಿದ್ದೆವು. ಮೈಎಸ್‌ಕ್ಯೂಎಲ್‌ನ ಪ್ರೋಗ್ರಾಮುಗಳು ಶುರುವಾದ ಕೂಡಲೇ ಸಾಲಿನಲ್ಲಿರುವ ಪಾಸ್‌ವರ್ಡ್ ಅನ್ನು ಅಳಿಸಿಕೊಳ್ಳುತ್ತವೆ ಎಂದು ನನಗೆ ಗೊತ್ತಿತ್ತು, ಅದನ್ನೇ ನೆಚ್ಚಿಕೊಂಡಿದ್ದೆ. ಆದರೆ ಕ್ರಾನ್ ಅದನ್ನು ನೇರವಾಗಿ ಓಡಿಸುವುದಿಲ್ಲ, ಒಂದು ಶೆಲ್ ತೆರೆದು ಇಡೀ ಸಾಲನ್ನು ಅದರ ಕೈಗೆ ಕೊಡುತ್ತದೆ. ಪೈಪ್ ಇರುವುದರಿಂದ ಆ ಶೆಲ್ ಬ್ಯಾಕಪ್ ಮುಗಿಯುವವರೆಗೆ ಜೀವಂತವಾಗಿರುತ್ತದೆ, ಅದರ ಸಾಲಿನಲ್ಲಿ ಪಾಸ್‌ವರ್ಡ್ ಹಾಗೆಯೇ ಉಳಿದಿರುತ್ತದೆ. ಊಟದ ಬಿಡುವಿನಲ್ಲಿ ಲ್ಯಾಬ್‌ನಲ್ಲೇ ಉಳಿದ ಎರಡನೇ ವರ್ಷದ ಹುಡುಗನೊಬ್ಬ ಅದನ್ನು ನೋಡಿದ. ಪುಣ್ಯಕ್ಕೆ ಅವನೇ ಬಂದು, ತಲೆ ತಗ್ಗಿಸಿಕೊಂಡು, ಚೀಟಿಯಲ್ಲಿ ಬರೆದುಕೊಂಡಿದ್ದ ಪಾಸ್‌ವರ್ಡ್ ಅನ್ನು ನನ್ನ ಮೇಜಿನ ಮೇಲಿಟ್ಟ.

ಈಗ ಪಾಸ್‌ವರ್ಡ್ ಅನ್ನು ಒಡೆಯ ಮಾತ್ರ ಓದಬಲ್ಲ 600 ಅನುಮತಿಯ ಪ್ರತ್ಯೇಕ ಕಡತಕ್ಕೆ ಹಾಕಿದ್ದೇವೆ. ಓಡುತ್ತಿರುವ ಪ್ರೋಗ್ರಾಮುಗಳ ವಿವರವಿರುವ ಪ್ರಾಕ್ ಕಡತವ್ಯವಸ್ಥೆಯನ್ನು ಹೈಡ್‌ಪಿಡ್ 2 ಆಯ್ಕೆಯೊಂದಿಗೆ ಮೌಂಟ್ ಮಾಡಿ ಇತರರ ಪ್ರೋಗ್ರಾಮುಗಳು ಕಾಣದಂತೆಯೂ ಮಾಡಿದ್ದೇವೆ. ಎಚ್ಚರಿಕೆಯೊಂದಿದೆ: ಅನುಮತಿ ನಿರ್ಧರಿಸುವ ಪಾಲಿಸಿಕಿಟ್‌ನಂಥ ಸೇವೆಗಳು ಇತರರ ಪ್ರೋಗ್ರಾಮುಗಳನ್ನು ನೋಡಲೇಬೇಕು, ಅವುಗಳಿಗೆ ಒಂದು ಗುಂಪು ಮಾಡಿ ವಿನಾಯಿತಿ ಕೊಡದಿದ್ದರೆ ಅವು ಮುಗ್ಗರಿಸುತ್ತವೆ. ಕಾರ್ಖಾನೆಯವರು ಪಾಸ್‌ವರ್ಡ್ ಭಾಗವನ್ನಷ್ಟೇ ಸರಿಪಡಿಸಿಕೊಂಡು ಹೈಡ್‌ಪಿಡ್ ಅನ್ನು ಬಿಟ್ಟುಬಿಟ್ಟರೂ ನಾನು ಆಕ್ಷೇಪಿಸುವುದಿಲ್ಲ.

ಹಳೇ_ಯುನಿಕ್ಸ್_ಮಲ್ಲೇಶ್ವರ · ಶುಕ್ರವಾರ ರಾತ್ರಿ 10:30

ಮೇಡಂ ಹೇಳಿದ್ದು ಕಣ್ಣು ತೆರೆಸುವಂತಿದೆ. ಅದಕ್ಕೆ ಸೇರಿಸಿ ತಾತ್ಕಾಲಿಕ ಕಡತಗಳಿಗಾಗಿ ಎಲ್ಲರೂ ಬಳಸುವ ಟೆಂಪ್ ಡೈರೆಕ್ಟರಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಇಂಥ ಪಟ್ಟಿಗಳಲ್ಲಿ ‘ತಾತ್ಕಾಲಿಕ ಕಡತದ ಅಸುರಕ್ಷಿತ ಬಳಕೆ’ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ.

ನಮ್ಮ ಹಳೆಯ ಬೆಂಗಳೂರಿನ ವಠಾರಗಳನ್ನು ನೋಡಿದವರಿಗೆ ಟೆಂಪ್ ಡೈರೆಕ್ಟರಿಯನ್ನು ವಿವರಿಸುವುದು ಸುಲಭ. ಮನೆಗಳು ಬೇರೆ ಬೇರೆ, ಅಂಗಳ ಒಂದೇ. ಯಾರು ಬೇಕಾದರೂ ಅಲ್ಲಿ ಸಾಮಾನು ಇಡಬಹುದು, ಇನ್ನೊಬ್ಬರು ಇಟ್ಟದ್ದನ್ನು ಎತ್ತಿಹಾಕುವಂತಿಲ್ಲ. 1777 ಅನುಮತಿಯ ಆ ಮೊದಲ 1 ಹೇಳುವುದು ಇದನ್ನೇ. ಈಗ ರೂಟ್‌ನ ಸ್ಕ್ರಿಪ್ಟ್ ಪ್ರತಿ ರಾತ್ರಿ ಅಂಗಳದಲ್ಲಿ ಒಂದೇ ಹೆಸರಿನ ಕಡತ ಬರೆಯುತ್ತದೆ ಎಂದುಕೊಳ್ಳಿ. ಆ ಹೆಸರು ಗೊತ್ತಿರುವವನು ಸಂಜೆಯೇ ಅದೇ ಹೆಸರಿನ ಸಿಮ್‌ಲಿಂಕ್ (ಬೇರೆ ಕಡತದತ್ತ ತೋರುವ ಕೈಮರ) ಮಾಡಿ, ಅದನ್ನು ವ್ಯವಸ್ಥೆಯ ಮುಖ್ಯ ಕಡತವೊಂದರ ಕಡೆಗೆ ತಿರುಗಿಸಿಟ್ಟರೆ, ರಾತ್ರಿ ರೂಟ್ ತನ್ನ ಕೈಯಾರೆ ಆ ಕಡತವನ್ನು ಹಾಳುಮಾಡುತ್ತದೆ. ಕರ್ನಲ್ 3.6ರಲ್ಲಿ ಇದಕ್ಕೆ ತಡೆ ಬಂತು. ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್ ಎಂಬ ಮೌಲ್ಯ 1 ಆಗಿದ್ದರೆ, ಇಂಥ ಹಂಚಿಕೆಯ ಡೈರೆಕ್ಟರಿಯಲ್ಲಿ ಬೇರೆಯವರು ಮಾಡಿಟ್ಟ ಲಿಂಕನ್ನು ಕರ್ನಲ್ ಹಿಂಬಾಲಿಸುವುದಿಲ್ಲ. ಸೆಂಟ್‌ಓಎಸ್ 7ರಲ್ಲಿ ಯಂತ್ರವನ್ನು ಎಬ್ಬಿಸಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಪೂರ್ವನಿಯೋಜಿತ ಕಡತ ಅದನ್ನು 1 ಮಾಡಿಯೇ ಇರುತ್ತದೆ, ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಅಲ್ಲಿಗೆ ನಿಮ್ಮ ಪಟ್ಟಿಯ ಸಿಮ್‌ಲಿಂಕ್ ಸಾಲುಗಳು ಬಹುಮಟ್ಟಿಗೆ ಸತ್ತಂತೆ.

ಆದರೆ ಲಿಂಕ್ ಬದಲು ಮಾಮೂಲಿ ಖಾಲಿ ಕಡತವನ್ನೇ ಆ ಹೆಸರಿನಲ್ಲಿ ಮಾಡಿಟ್ಟರೆ? ಅದನ್ನು ತಡೆಯುವ ಪ್ರೊಟೆಕ್ಟೆಡ್ ರೆಗ್ಯುಲರ್ ಬಂದದ್ದು 4.19ರಲ್ಲಿ, 3.10ಕ್ಕೆ ಅದಿಲ್ಲ. ರೂಟ್ ತನ್ನ ಬ್ಯಾಕಪ್ಪನ್ನು ಆ ಕಡತದೊಳಗೆ ಸುರಿಯುತ್ತದೆ, ಕಡತದ ಒಡೆತನ ಮಾತ್ರ ಮೊದಲು ಮಾಡಿಟ್ಟವನದೇ, ಅವನು ನಿಶ್ಚಿಂತೆಯಿಂದ ಓದಿಕೊಳ್ಳುತ್ತಾನೆ. ಇದಕ್ಕೆ ಯಾವ ಪ್ಯಾಚೂ ಬೇಕಿಲ್ಲ. ಸ್ಕ್ರಿಪ್ಟಿನಲ್ಲಿ, ಊಹಿಸಲಾಗದ ಹೆಸರಿನ ಕಡತ ಮಾಡಿಕೊಡುವ ಎಂಕೆಟೆಂಪ್ ಬಳಸಿ, ಅಥವಾ ಅಂಗಳವನ್ನೇ ಬಿಟ್ಟು ರೂಟ್‌ಗೆ ಮಾತ್ರ ಪ್ರವೇಶವಿರುವ 700 ಅನುಮತಿಯ ಡೈರೆಕ್ಟರಿಯಲ್ಲಿ ಬರೆಯಿರಿ.

ನಾನು ಹೇಳಬೇಕೆಂದಿದ್ದದ್ದು ಇದೇ. ಮೂರು ಪುಟದ ಸಾಲುಗಳನ್ನು ಒಂದೊಂದಾಗಿ ಅಟ್ಟಿಸಿಕೊಂಡು ಹೋದರೆ ವರ್ಷವಾದರೂ ಮುಗಿಯುವುದಿಲ್ಲ. ಅವುಗಳನ್ನು ಜಾತಿವಾರು ವಿಂಗಡಿಸಿ. ವಿಕೃತ ಕಡತ ತಿನ್ನಿಸಿದರೆ ಬಿನ್‌ಯುಟಿಲ್ಸ್‌ನಂಥ ಕಂಪೈಲರ್ ಬಳಗದ ಪರಿಕರ ಕುಸಿಯುತ್ತದೆ ಎಂಬ ಸಾಲುಗಳು ಒಂದು ಜಾತಿ. ನೀವು ಆ ಸರ್ವರ್‌ನಲ್ಲಿ ಪ್ರೋಗ್ರಾಮ್ ಕಂಪೈಲ್ ಮಾಡುವುದಿಲ್ಲವಾದರೆ ಕಂಪೈಲರ್ ಬಳಗವನ್ನೇ ತೆಗೆಯಿರಿ, ತೆಗೆಯುವಾಗ ಯಮ್ ತೋರಿಸುವ ಅವಲಂಬನೆಯ ಪಟ್ಟಿಯನ್ನು ಮಾತ್ರ ಕಣ್ಣಿಟ್ಟು ಓದಿ. ಕರ್ನಲ್‌ನ ಒಳ ವಿಳಾಸಗಳು ಡಿಮೆಸೇಜ್ ಲಾಗ್‌ನಲ್ಲಿ ಕಾಣುತ್ತವೆ ಎಂಬುದು ಇನ್ನೊಂದು ಜಾತಿ. ಡಿಮೆಸೇಜ್ ರಿಸ್ಟ್ರಿಕ್ಟ್ ಮತ್ತು ಕೆಪಿಟಿಆರ್ ರಿಸ್ಟ್ರಿಕ್ಟ್ ಎಂಬ ಎರಡು ಮೌಲ್ಯಗಳನ್ನು 1 ಮಾಡಿದರೆ ಮುಗಿಯಿತು. ಸೆಟ್‌ಯುಐಡಿ ಗುರುತಿರುವ ಪ್ರೋಗ್ರಾಮುಗಳು ಮತ್ತೊಂದು. ಫೈಂಡ್ ಆದೇಶದಲ್ಲಿ ಅನುಮತಿ 4000 ಎಂದು ಹುಡುಕಿ, ನಿಮ್ಮ ಕೆಲಸಕ್ಕೆ ಬೇಡದವುಗಳ ಗುರುತು ತೆಗೆಯಿರಿ. ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಮನ್ನೂ ಸುಡೋವನ್ನೂ ಮುಟ್ಟಬೇಡಿ.

ಕೆಲವು ಲೋಪಗಳ ತೂಕ ನಿಮ್ಮ ಸಂರಚನೆಯ ಮೇಲೆಯೇ ನಿಂತಿರುತ್ತದೆ. 2019ರ ಅಕ್ಟೋಬರ್‌ನಲ್ಲಿ ಸುಡೋದಲ್ಲಿ ಒಂದು ವಿಚಿತ್ರ ಲೋಪ ಕಂಡಿತು. ‘ರೂಟ್ ಒಬ್ಬನನ್ನು ಬಿಟ್ಟು ಯಾರ ಹೆಸರಿನಲ್ಲಾದರೂ ಓಡಿಸಬಹುದು’ ಎಂಬ ನಿಯಮ ಬರೆದಿದ್ದ ಕಡೆ, ಬಳಕೆದಾರನ ಸಂಖ್ಯೆಯಾಗಿ ಮೈನಸ್ ಒಂದು ಕೊಟ್ಟರೆ ಅದು ಸೊನ್ನೆಯಾಗುತ್ತಿತ್ತು, ಸೊನ್ನೆ ಎಂದರೆ ರೂಟ್. ಆ ನಿಯಮ ಬರೆಯದವರಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ, ಬರೆದವರಿಗೆ ಬಾಗಿಲೇ ತೆರೆದಂತೆ. ಅಂಕ ಕೊಟ್ಟವರಿಗೆ ಇಂಥ ನಿಯಮಗಳಿರುವ ನಿಮ್ಮ ಸುಡೋಯರ್ಸ್ ಕಡತ ಗೊತ್ತಿಲ್ಲ.

ತಪಾಸಣೆ_ಕಡೆಯವ · ಶನಿವಾರ ಬೆಳಿಗ್ಗೆ 10:10

ಮೇಜಿನ ಆಚೆ ಬದಿಯವನಾಗಿ ಎರಡು ಮಾತು. ಈ ಪ್ರಶ್ನೆ ಕೇಳಿದವರ ತಪಾಸಣೆ ಮಾಡಿದ್ದು ನಾನಲ್ಲ, ಕೆಲಸ ಅದೇ.

ವರದಿಯ ಸಾಲುಗಳನ್ನು ಪೂರ್ತಿ ನಂಬಬೇಡಿ. ರೆಡ್‌ಹ್ಯಾಟ್ ಬಳಗದಲ್ಲಿ ಪ್ಯಾಚ್ ಹಾಕಿದರೂ ಮೂಲ ಆವೃತ್ತಿ ಸಂಖ್ಯೆ ಬದಲಾಗುವುದಿಲ್ಲ. ಸುಡೋ 1.8.23 ಎಂದೇ ಉಳಿಯುತ್ತದೆ, ಕೊನೆಯ ಬಾಲದ ಅಂಕಿ ಮಾತ್ರ ಏರುತ್ತದೆ. ಬರಿಯ ಆವೃತ್ತಿ ನೋಡಿ ತೀರ್ಪು ಕೊಡುವ ಸ್ಕ್ಯಾನರ್‌ಗಳು ದುರಸ್ತಿಯಾದದ್ದನ್ನೂ ಲೋಪವೆಂದೇ ತೋರಿಸುತ್ತವೆ. ಆರ್‌ಪಿಎಂ ಆದೇಶದಲ್ಲಿ ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ದಾಖಲೆ) ತೆಗೆದು ಸಿವಿಇ ಸಂಖ್ಯೆ ಹುಡುಕಿ, ಸಿಕ್ಕರೆ ಅದರ ಪ್ರತಿಯನ್ನು ಲಗತ್ತಿಸಿ. ನಾವು ಒಪ್ಪಿಕೊಳ್ಳುತ್ತೇವೆ, ಒಪ್ಪಿಕೊಳ್ಳಬೇಕು.

ಇನ್ನು ‘ಅಪಾಯ ಒಪ್ಪಿಗೆ’. ಅದಕ್ಕೆ ಬರಿಯ ಸಹಿ ಹಾಕಿ ಕಳಿಸಿದರೆ ನಾನು ವಾಪಸ್ ಕಳಿಸುತ್ತೇನೆ. ಆ ಯಂತ್ರದಲ್ಲಿ ಸ್ಥಳೀಯರು ಯಾರು, ಲೋಪ ದುರಸ್ತಿಯಾಗದ ಬದಲಿಗೆ ಏನು ಕಾವಲು ಇಟ್ಟಿದ್ದೀರಿ, ಎಂದಿನವರೆಗೆ ಈ ಒಪ್ಪಿಗೆ, ಇಷ್ಟು ಬರೆದಿರಬೇಕು. ಕಾವಲಿನಲ್ಲಿ ಲಾಗ್ ಮುಖ್ಯ. ಸ್ಥಳೀಯನೊಬ್ಬ ರೂಟ್ ಆದರೆ ಆ ಯಂತ್ರದ ಲಾಗ್ ಅವನದೇ ಆಸ್ತಿ, ಆದ್ದರಿಂದ ಲಾಗ್ ಕಳಿಸುವ ಸೇವೆಯಾದ ಆರ್‌ಸಿಸ್‌ಲಾಗ್ ಮೂಲಕ ಬೇರೆ ಯಂತ್ರಕ್ಕೂ ಪ್ರತಿ ಹೋಗುತ್ತಿರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಅದು ದೊಡ್ಡ ಕಂಪನಿಗಳಿಗೆ ಮಾತ್ರ ಎಂದುಕೊಂಡಿರುವ ಸಣ್ಣ ಕಾರ್ಖಾನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪೀಣ್ಯ_ಎರಡನೇ_ಹಂತ · ಭಾನುವಾರ ರಾತ್ರಿ 8:50

ಇವತ್ತು ವಾರದ ರಜೆಯಾದ್ದರಿಂದ ಬೆಳಿಗ್ಗೆ ಏಳಕ್ಕೇ ಹೋಗಿ ಕುಳಿತೆವು. ವಾಲ್ಟ್ ವಿಳಾಸ ಕೊಟ್ಟ ಮೇಲೆ ಅಪ್‌ಡೇಟ್ ನಿರಾತಂಕವಾಗಿ ಆಯಿತು, ಹೊಸ ಕರ್ನಲ್‌ನಲ್ಲಿ ಯಂತ್ರ ಎದ್ದಿತು. ನಡುವೆ ಒಮ್ಮೆ ಕರೆಂಟ್ ಹೋಗಿ ಎದೆ ಧಸಕ್ಕೆಂದಿತು, ಯುಪಿಎಸ್ ಮರ್ಯಾದೆ ಉಳಿಸಿತು.

ಆಮೇಲೆ ಸ್ಥಳೀಯರ ಪಟ್ಟಿಗೆ ಕೈಹಾಕಿದೆವು. ‘ಸುಮ್ಮನಿರಿ’ ಅವರು ಹೇಳಿದಂತೆ ನಾಲ್ಕೇ ಜನ ಎಂದು ನಾನೂ ನಂಬಿದ್ದೆ. ಮೊದಲು ಸಿಕ್ಕಿದ್ದು ತಂತ್ರಾಂಶ ಅಳವಡಿಸಿದ ಸಂಸ್ಥೆಯ ಎಂಜಿನಿಯರ್ ಒಬ್ಬರ ಖಾತೆ. ಅವರು ಆ ಸಂಸ್ಥೆ ಬಿಟ್ಟು ಏಳು ವರ್ಷವಾಗಿದೆ, ಖಾತೆಗೆ ಶೆಲ್ ಇದೆ, ಕೀ ಇದೆ. ಅದನ್ನು ಮುಚ್ಚಿದೆವು.

ಎರಡನೆಯದು ಇನ್ನೂ ಮುಜುಗರದ್ದು. ಕಾರ್ಖಾನೆಯ ಒಳಗೆ ಎರಡು ಟರ್ಮಿನಲ್‌ಗಳಿವೆ. ಪಾಳಿಯವರು ಅಲ್ಲಿಂದ ಒಂದೇ ಹಂಚಿಕೆಯ ಖಾತೆಯಲ್ಲಿ ಒಳಗೆ ಬಂದರೆ ಒಂದು ಮೆನು ಬರುತ್ತದೆ: 1 ಒತ್ತಿದರೆ ದಾಸ್ತಾನು, 2 ಒತ್ತಿದರೆ ವರದಿ, ಹೀಗೆ. ಅವರಿಗೆ ಶೆಲ್ ಇಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ನನ್ನ ಸಹಾಯಕ ಸುಮ್ಮನೆ ಕಂಟ್ರೋಲ್ ಸಿ ಒತ್ತಿದ. ಮೆನು ಮಾಯವಾಗಿ ಡಾಲರ್ ಚಿಹ್ನೆ, ಅಂದರೆ ಶೆಲ್, ಮಿನುಗುತ್ತಾ ನಿಂತಿತು. ಮೆನುವನ್ನು ಲಾಗಿನ್ ಆದ ಕೂಡಲೇ ಓಡುವ ಬ್ಯಾಶ್ ಪ್ರೊಫೈಲ್‌ನಲ್ಲಿ ಮಾಮೂಲಿ ಆದೇಶದಂತೆ ಕರೆದಿದ್ದರು, ಅದು ಸತ್ತರೆ ಹಿಂದಿರುವ ಶೆಲ್ ಸಿಗುತ್ತದೆ. ಅಲ್ಲಿಂದ ಪಿಎಸ್ ಕೊಟ್ಟು ನೋಡಿದರೆ ಮೇಡಂ ಹೇಳಿದ ಹಾಗೆಯೇ ನಮ್ಮ ಬ್ಯಾಕಪ್ ಪಾಸ್‌ವರ್ಡ್ ಕೂಡ ಕಾಣಿಸಿತು. ಅಂದರೆ ಮೂರು ಪಾಳಿಯ ಎಲ್ಲರೂ ನಮ್ಮ ಸ್ಥಳೀಯರೇ, ಗುತ್ತಿಗೆ ಕಾರ್ಮಿಕರೂ ಸೇರಿ. ಪಿಕೆಎಕ್ಸೆಕ್ ಲೋಪ ತೆರೆದಿದ್ದ ಇಷ್ಟು ವರ್ಷ ಆ ಡಾಲರ್ ಚಿಹ್ನೆಯಿಂದ ರೂಟ್‌ಗೆ ಒಂದೇ ಹೆಜ್ಜೆ ಇತ್ತು.

ಸುಮ್ಮನಿರಿ_ಓಡ್ತಿದೆ · ಭಾನುವಾರ ರಾತ್ರಿ 9:30

ನಾನು ‘ಮೂರೋ ನಾಲ್ಕೋ ಜನ’ ಎಂದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಇಂಥದೇ ಮೆನುಗಳನ್ನು ನಾನೂ ಎರಡು ಕಡೆ ಬರೆದುಕೊಟ್ಟಿದ್ದೇನೆ, ನಾಳೆ ಬೆಳಿಗ್ಗೆ ಅಲ್ಲಿಗೆ ಫೋನ್ ಮಾಡಬೇಕು. ಆದರೂ ಓಡುತ್ತಿರುವುದನ್ನು ಕೆದಕುವಾಗ ಒಂದೊಂದೇ ಬದಲಾವಣೆ ಮಾಡಿ ಎಂಬ ಮಾತನ್ನು ಬಿಡುವುದಿಲ್ಲ.

ಹಳೇ_ಯುನಿಕ್ಸ್_ಮಲ್ಲೇಶ್ವರ · ಭಾನುವಾರ ರಾತ್ರಿ 10:45

ಮೆನುವಿಗೆ ಸರಿಯಾದ ದಾರಿ ಎಸ್‌ಎಸ್‌ಎಚ್ ಸೇವೆಯ (ಎಸ್‌ಎಸ್‌ಎಚ್‌ಡಿ) ಸಂರಚನೆಯಲ್ಲಿ ಆ ಖಾತೆಗೆ ಮೆನು ಒಂದೇ ಓಡುವಂತೆ ಫೋರ್ಸ್‌ಕಮಾಂಡ್ ಹಾಕುವುದು. ಆಗ ಮೆನು ಸತ್ತರೆ ಸಂಪರ್ಕವೇ ಕಡಿದುಹೋಗುತ್ತದೆ. ಅದು ಕೂಡಲೇ ಆಗದಿದ್ದರೆ ಪ್ರೊಫೈಲ್ ಸಾಲಿನಲ್ಲಿ ಮೆನುವಿನ ಹೆಸರಿಗೆ ಮೊದಲು ಎಕ್ಸೆಕ್ ಎಂಬ ಪದ ಸೇರಿಸಿ, ಶೆಲ್‌ನ ಜಾಗದಲ್ಲೇ ಮೆನು ಕೂರುತ್ತದೆ.

ಅಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮ 2ನೇ ಆಯ್ಕೆಯಲ್ಲಿ ವರದಿ ತೋರಿಸಲು, ಕಡತವನ್ನು ಪುಟ ಪುಟವಾಗಿ ತೋರಿಸುವ ಲೆಸ್ ಬಳಸಿದ್ದಾರೆಯೇ ನೋಡಿ. ಲೆಸ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಶೆಲ್‌ನ ಹೆಸರು ಬರೆದರೆ ಶೆಲ್ ಸಿಗುತ್ತದೆ. ಲೆಸ್‌ಸೆಕ್ಯೂರ್ ಎಂಬ ಪರಿಸರ ಚರವನ್ನು 1 ಮಾಡಿದರೆ ಆ ದಾರಿ ಮುಚ್ಚುತ್ತದೆ. ವಿಐ ಎಂಬ ಕಡತ ತಿದ್ದುವ ಪ್ರೋಗ್ರಾಮ್ ಬಳಸಿದ್ದರೆ ಅದನ್ನು ತೆಗೆದು ಲೆಸ್ ಹಾಕಿ, ವರದಿ ಓದಲು ವಿಐ ಬೇಕಿಲ್ಲ.

ಪೀಣ್ಯ_ಎರಡನೇ_ಹಂತ · ಬುಧವಾರ ರಾತ್ರಿ 9:15

ಲೆಸ್ ಬಳಸಿದ್ದರು, ಆಶ್ಚರ್ಯಸೂಚಕ ಚಿಹ್ನೆ ಕೆಲಸ ಮಾಡುತ್ತಿತ್ತು. ಎರಡೂ ದಾರಿ ಈಗ ಮುಚ್ಚಿವೆ, ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆಯೂ ಆಗಿದೆ.

ಸೋಮವಾರ ಉತ್ಸಾಹದಲ್ಲಿ ಟೆಂಪ್ ಡೈರೆಕ್ಟರಿಯನ್ನು, ಅಲ್ಲಿಂದ ಪ್ರೋಗ್ರಾಮ್ ಓಡದಂತೆ ತಡೆಯುವ ನೋಎಕ್ಸೆಕ್ ಆಯ್ಕೆಯೊಂದಿಗೆ ಮೌಂಟ್ ಮಾಡಿದೆ. ಹತ್ತು ಗಂಟೆಗೆ ಲೇಬಲ್ ಮುದ್ರಣ ನಿಂತಿತು, ಲಾರಿ ಬಾಗಿಲಲ್ಲಿ ಕಾಯುತ್ತಿತ್ತು. ಲಾಗ್‌ನಲ್ಲಿ, ಹಂಚಿಕೆಯ ಲೈಬ್ರರಿಯೊಂದರ ಭಾಗವನ್ನು ಮ್ಯಾಪ್ ಮಾಡಲು ಅನುಮತಿಯಿಲ್ಲ ಎಂಬ ದೋಷವಿತ್ತು. ಹಿಂದಕ್ಕೆ ತಿರುಗಿಸಿದ್ದೇನೆ. ಇದಕ್ಕೇನು ಮಾಡಬೇಕು?

ಹಳೇ_ಯುನಿಕ್ಸ್_ಮಲ್ಲೇಶ್ವರ · ಬುಧವಾರ ರಾತ್ರಿ 10:00

ನಿಮ್ಮ ತಂತ್ರಾಂಶ ಜಾವಾದಲ್ಲಿದೆ ಎಂದು ತೋರುತ್ತದೆ. ಪ್ರಿಂಟರ್‌ನೊಂದಿಗೆ ಮಾತಾಡುವ ನೇಟಿವ್ ಲೈಬ್ರರಿಯನ್ನು ಅದು ಟೆಂಪ್‌ನಲ್ಲಿ ಬಿಚ್ಚಿ ಅಲ್ಲಿಂದಲೇ ಓಡಿಸುತ್ತದೆ, ನೋಎಕ್ಸೆಕ್ ಅದನ್ನು ತಡೆಯಿತು. ತಂತ್ರಾಂಶದ ಖಾತೆಯ ಒಡೆತನದಲ್ಲಿ 700 ಅನುಮತಿಯ ಡೈರೆಕ್ಟರಿಯೊಂದನ್ನು ಬೇರೆ ಕಡೆ ಮಾಡಿ, ಜಾವಾದ ಐಓ ಟೆಂಪ್‌ಡಿರ್ ಆಯ್ಕೆಯಲ್ಲಿ ಅದನ್ನು ತೋರಿಸಿ. ಲೇಬಲ್ ಕಡತಗಳನ್ನು ಇನ್ನಾವುದಾದರೂ ಸ್ಕ್ರಿಪ್ಟ್ ಟೆಂಪ್‌ನಿಂದ ಎತ್ತಿಕೊಳ್ಳುತ್ತಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. ನೋಎಕ್ಸೆಕ್ ಗೋಡೆಯೇನಲ್ಲ, ಬ್ಯಾಶ್‌ಗೆ ಸ್ಕ್ರಿಪ್ಟಿನ ಹೆಸರು ಕೊಟ್ಟರೆ ಅದು ಟೆಂಪ್‌ನಲ್ಲಿದ್ದರೂ ಓಡುತ್ತದೆ. ಕಾಲಿಗೆ ತೊಡರುವ ಬೇಲಿ ಅಷ್ಟೇ. ತಿಂಗಳ ಕೊನೆ ಕಳೆದ ಮೇಲೆ ಮಾಡಿದರೂ ನಷ್ಟವಿಲ್ಲ.

ಪೀಣ್ಯ_ಎರಡನೇ_ಹಂತ · ಮುಂದಿನ ಸೋಮವಾರ, ಸಂಜೆ 6:20

ಲೇಬಲ್‌ಗಳು ಬರುತ್ತಿವೆ. ಅಪ್‌ಡೇಟ್ ಆದ ಮೇಲೆ, ಕಂಪೈಲರ್ ಬಳಗ ತೆಗೆದ ಮೇಲೆ, ಚೇಂಜ್‌ಲಾಗ್ ಪ್ರತಿಗಳನ್ನು ಲಗತ್ತಿಸಿದ ಮೇಲೆ ಮೂರು ಪುಟ ಒಂದು ಪುಟಕ್ಕಿಳಿಯಿತು. ಅದಕ್ಕೆ ಸ್ಥಳೀಯರ ಪಟ್ಟಿ ಮತ್ತು ಕಾವಲಿನ ವಿವರ ಬರೆದೆವು. ಲಾಗ್ ಪ್ರತಿ ಈಗ ಲೆಕ್ಕ ವಿಭಾಗದ ಹಳೆಯ ಕಂಪ್ಯೂಟರ್ ಒಂದಕ್ಕೆ ಹೋಗುತ್ತಿದೆ.

‘ಎಂದಿನವರೆಗೆ’ ಎಂಬಲ್ಲಿ ಮಾತ್ರ ಸ್ವಲ್ಪ ಎಳೆದಾಟವಾಯಿತು. ರೆಡ್‌ಹ್ಯಾಟ್ 7ಕ್ಕೆ ಬದಲಾಯಿಸಿಕೊಂಡು ಹಣ ಕೊಟ್ಟು ವಿಸ್ತೃತ ಬೆಂಬಲ ಪಡೆದರೆ 2028ರ ಜೂನ್ 30ರವರೆಗೆ ಸಮಯ ಸಿಗುತ್ತದೆ ಎಂದು ನಾನು ಹೇಳಿದೆ. ಆ ಹಣದಲ್ಲಿ ಹೊಸದಕ್ಕೇ ಹೋಗೋಣ ಎಂದರು ಮಾಲೀಕರು. ಅಂಕಣದಲ್ಲಿ ತಮ್ಮ ಕೈಯಿಂದಲೇ ‘ಬರುವ ಆಯುಧಪೂಜೆಯೊಳಗೆ’ ಎಂದು ಬರೆದು ಸಹಿ ಹಾಕಿದ್ದಾರೆ.

ತಪಾಸಣೆ_ಕಡೆಯವ · ಸೋಮವಾರ ಸಂಜೆ 7:05

ಪಟ್ಟಿ ಚೆನ್ನಾಗಿದೆ. ಆದರೆ ವಿದೇಶಿ ಗ್ರಾಹಕರಿಗೆ ಆಯುಧಪೂಜೆ ಎಂದರೆ ಅರ್ಥವಾಗದು, ನಮಗೂ ಅದು ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ. ಪಕ್ಕದಲ್ಲಿ ಇಂಗ್ಲಿಷ್ ತಾರೀಖು ಬರೆಸಿ, ಅದಕ್ಕೊಂದು ಚಿಕ್ಕ ಸಹಿ ಹಾಕಿಸಿ.

ಪೀಣ್ಯ_ಎರಡನೇ_ಹಂತ · ಸೋಮವಾರ ಸಂಜೆ 7:20

ಕ್ಯಾಲೆಂಡರ್ ತೆಗೆದುಕೊಂಡು ಮಾಲೀಕರ ಕೋಣೆಗೆ ಹೋಗುತ್ತಿದ್ದೇನೆ.